ಕೈ ಕಟ್ಟಿ ಕೂರುವ ಕೆಲಸ

ಕೆಲವು ವರ್ಷಗಳ ಹಿಂದೆ ನನ್ನ ಹತ್ತಿರ ರೋಬೋಟ್ ಸರ್ಜರಿ ಕಲಿಯುತ್ತಿದ್ದ ಡಾಕ್ಟರ್ ಹುಡುಗನೊಬ್ಬ ಜೇಬಿನಲ್ಲಿ ಒಂದು ಪುಟ್ಟ ಡೈರಿ ಇಟ್ಟುಕೊಂಡಿರುತ್ತಿದ್ದ. ಆಪರೇಷನ್ ಮುಗಿದ ಮೇಲೆ ಮೂಲೆಯಲ್ಲಿ ನಿಂತು ಅದರಲ್ಲಿ ಏನೋ ಗೀಚುತ್ತಿದ್ದ. ನಾನು ಹೇಳಿಕೊಟ್ಟಿದ್ದನ್ನು ಬರೆದುಕೊಳ್ಳುತ್ತಿದ್ದಾನೆ ಅಂದುಕೊಂಡು ಒಳಗೊಳಗೇ ಖುಷಿಪಡುತ್ತಿದ್ದೆ. ಒಂದು ತಿಂಗಳ ಕೊನೆಗೆ ಆ ಡೈರಿ ತಂದು ನನ್ನ ಮೇಜಿನ ಮೇಲೆ ತೆರೆದಿಟ್ಟ. ಪಾಠ ಒಂದೂ ಇರಲಿಲ್ಲ. ಬರೀ ಎರಡು ಸಾಲು ಅಂಕಿ. ಒಂದು ಸಾಲಿನಲ್ಲಿ ಆಪರೇಷನ್ ಎಷ್ಟು ಹೊತ್ತು ನಡೆಯಿತು ಅಂತ. ಇನ್ನೊಂದರಲ್ಲಿ ಅವನು ಎಷ್ಟು ಹೊತ್ತು ರೋಬೋಟ್ ನಡೆಸಿದ ಅಂತ. ಕೆಳಗೆ ಕೂಡಿಸಿದ್ದ. 11 ಆಪರೇಷನ್, 34 ಗಂಟೆ. ಅವನ ಪಾಲು 41 ನಿಮಿಷ.

"ಕಂಪ್ಲೇಂಟ್ ಅಲ್ಲ ಮೇಡಂ," ಎಂದ. "ನಿಮಗೆ ಗೊತ್ತಿರಲಿ ಅಂತ."

ಮೊದಲು ಸಿಟ್ಟು ಬಂತು. ಇಡೀ ತಿಂಗಳು ಬಾಯಿ ನೋಯುವಷ್ಟು ಪಾಠ ಹೇಳಿದ್ದೆ. ಈ ರಕ್ತನಾಳ ನೋಡು, ಈ ಪದರ ನೋಡು, ಇಲ್ಲಿ ಮೋಸ ಹೋಗಬೇಡ ಅಂತ. ಮನೆಗೆ ಹೋಗುವ ದಾರಿಯಲ್ಲಿ ಸಿಟ್ಟು ಇಳಿಯಿತು. ಪಾಠ ಹೇಳುತ್ತಾ ಹೇಳುತ್ತಾ ಕೆಲಸವನ್ನೆಲ್ಲ ನಾನೇ ಮಾಡಿ ಮುಗಿಸಿದ್ದೆ. ಅವನು ಪಕ್ಕದಲ್ಲಿ ಕೂತು ಒಳ್ಳೆಯ ಸಿನಿಮಾ ನೋಡಿದ ಹಾಗೆ ನೋಡಿದ್ದ, ಅಷ್ಟೇ.

ನಾನು ಎದೆಯ ಸರ್ಜನ್. ಶ್ವಾಸಕೋಶದ ಕ್ಯಾನ್ಸರ್, ಎದೆಗೂಡಿನ ನಡುವೆ ಬೆಳೆಯುವ ಗೆಡ್ಡೆಗಳು, ಥೈಮಸ್ ಗ್ರಂಥಿ, ಇಂಥವು ನನ್ನ ಕೆಲಸ. ನಾನು ಕಲಿತಿದ್ದು ಎದೆ ತೆರೆದು ಮಾಡುವ ಆಪರೇಷನ್. ಎದುರುಗಡೆ ನನ್ನ ಗುರುಗಳು, ಈಚೆಗೆ ನಾನು, ನಡುವೆ ಪಕ್ಕೆಲುಬುಗಳನ್ನು ಅಗಲಿಸಿ ಹಿಡಿದ ಕಬ್ಬಿಣದ ಚೌಕಟ್ಟು. ನನ್ನ ಕತ್ತರಿ ಸ್ವಲ್ಪ ತಪ್ಪು ಕಡೆ ವಾಲಿತು ಅಂದರೆ ಅವರ ಎರಡು ಬೆರಳು ಬಂದು ನನ್ನ ಮಣಿಕಟ್ಟನ್ನು ತಳ್ಳುತ್ತಿದ್ದವು. ಮಾತೇ ಇಲ್ಲ. ಮಕ್ಕಳಿಗೆ ಕೈ ಹಿಡಿದು ಅಕ್ಷರ ಬರೆಸುತ್ತೇವಲ್ಲ, ಥೇಟ್ ಹಾಗೆ. ಒಂದು ದಿನ ನನ್ನ ತೋರುಬೆರಳನ್ನು ಹಿಡಿದುಕೊಂಡು ಹೋಗಿ ಪಲ್ಮನರಿ ಆರ್ಟರಿಯ ಮೇಲೆ ಇಟ್ಟರು. ಹೃದಯದಿಂದ ಶ್ವಾಸಕೋಶಕ್ಕೆ ರಕ್ತ ಒಯ್ಯುವ ದೊಡ್ಡ ನಾಳ ಅದು. "ಎಷ್ಟು ತೆಳು ನೋಡು. ಇದನ್ನ ಮರೀಬೇಡ," ಎಂದರು. ಮರೆತಿಲ್ಲ. ಬೆರಳಿಗೆ ಈಗಲೂ ನೆನಪಿದೆ.

ರೋಬೋಟ್ ಬಂದಾಗ ನನಗೆ ನಲವತ್ತು ದಾಟಿತ್ತು. ರೋಬೋಟ್ ಅಂದ ಕೂಡಲೇ ಅದೇ ಆಪರೇಷನ್ ಮಾಡುತ್ತದೆ ಅಂದುಕೊಳ್ಳುವವರು ಈಗಲೂ ಇದ್ದಾರೆ. ಅದು ತಾನಾಗಿ ಒಂದು ಕೂದಲಿನಷ್ಟೂ ಅಲುಗುವುದಿಲ್ಲ. ರೋಗಿಯನ್ನು ಒಂದು ಪಕ್ಕಕ್ಕೆ ಮಲಗಿಸುತ್ತೇವೆ. ಅರಿವಳಿಕೆ ಡಾಕ್ಟರ್ ಆಪರೇಷನ್ ಆಗುವ ಕಡೆಯ ಶ್ವಾಸಕೋಶಕ್ಕೆ ಗಾಳಿ ನಿಲ್ಲಿಸಿ, ಇನ್ನೊಂದರಲ್ಲೇ ಉಸಿರಾಡಿಸುತ್ತಾರೆ. ಪಕ್ಕೆಲುಬುಗಳ ನಡುವೆ ಸಣ್ಣ ಸಣ್ಣ ತೂತು, ಬಹುತೇಕ 8 ಮಿಲಿಮೀಟರಿನವು. ಅವುಗಳ ಮೂಲಕ ಯಂತ್ರದ ನಾಲ್ಕು ತೋಳುಗಳು ಒಳಗೆ ಹೋಗುತ್ತವೆ. ಒಂದರಲ್ಲಿ ಕ್ಯಾಮೆರಾ, ಉಳಿದ ಮೂರರಲ್ಲಿ ಉಪಕರಣಗಳು. ಸರ್ಜನ್ ಕೂರುವುದು ಸ್ವಲ್ಪ ದೂರದಲ್ಲಿ, ಕನ್ಸೋಲ್ ಎಂಬ ಪೆಟ್ಟಿಗೆಯಂಥದ್ದರೊಳಗೆ ಮುಖ ಇಟ್ಟುಕೊಂಡು. ಕೈಯಲ್ಲಿ ಹಿಡಿಗಳು, ಕಾಲಕೆಳಗೆ ಪೆಡಲ್‌ಗಳು. ನಾನು ಚಪ್ಪಲಿ ಬಿಚ್ಚಿಟ್ಟು ಸಾಕ್ಸ್‌ನಲ್ಲೇ ಕೂರುತ್ತೇನೆ. ಪೆಡಲ್ ಯಾವುದು ಅಂತ ಪಾದಕ್ಕೆ ಗೊತ್ತಾಗಬೇಕು.

ಒಳಗಿನ ನೋಟ ಮಾತ್ರ ನಿಜಕ್ಕೂ ಅದ್ಭುತ. ಎರಡು ಕಣ್ಣಿಗೂ ಬೇರೆ ಬೇರೆ ಚಿತ್ರ ಬರುವುದರಿಂದ ಆಳ ಕಾಣುತ್ತದೆ. ಹತ್ತು ಪಟ್ಟಿನವರೆಗೂ ದೊಡ್ಡದಾಗಿ ತೋರಿಸುತ್ತದೆ. ಉಪಕರಣದ ತುದಿ ನಮ್ಮ ಮಣಿಕಟ್ಟಿನ ಹಾಗೇ ಬಾಗುತ್ತದೆ. ಕೈ ನಡುಗಿದರೆ ಆ ನಡುಕ ಒಳಗೆ ತಲುಪುವುದಿಲ್ಲ. ಡಾ ವಿಂಚಿ ಎಂಬ ಈ ರೋಬೋಟ್ ಯಂತ್ರಕ್ಕೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2000ದಲ್ಲಿ. ಇಟಲಿಯ ಪಿಸಾದ ಫ್ರಾಂಕಾ ಮೆಲ್ಫಿ ಮತ್ತು ಅವರ ತಂಡ ಎದೆಯೊಳಗೆ ಅದನ್ನು ಬಳಸಿದ ಮೊದಮೊದಲ ಅನುಭವವನ್ನು 2002ರಲ್ಲೇ ಪ್ರಕಟಿಸಿದರು. ನಮ್ಮ ವಿಭಾಗದಲ್ಲಿ ಹೆಂಗಸೊಬ್ಬಳು ದಾರಿ ತೋರಿದ್ದು ನನಗೆ ಇಷ್ಟವಾದ ಸಂಗತಿ, ಅದಕ್ಕೇ ಹೇಳಿದೆ.

ಆದರೆ ಕಲಿಸುವ ವಿಷಯಕ್ಕೆ ಬಂದರೆ ಇದೇ ಯಂತ್ರ ಒಂದು ಪೆಟ್ಟು ಕೊಟ್ಟಿತು. ತೆರೆದ ಆಪರೇಷನ್ನಿಗೆ ಎರಡು ಕೈ ಸಾಲುವುದಿಲ್ಲ. ಶಿಷ್ಯ ಎಷ್ಟೇ ಹೊಸಬನಾದರೂ ಅವನ ಕೈ ನನಗೆ ಬೇಕು. ಹಿಡಿಯಬೇಕು, ಎಳೆಯಬೇಕು, ಗಂಟು ಹಾಕಬೇಕು. ಹಾಗೆ ಬೇಕಾಗಿ ಬೇಕಾಗಿಯೇ ಅವನು ಕಲಿಯುತ್ತಿದ್ದ. ರೋಬೋಟ್‌ನಲ್ಲಿ ನನ್ನೊಬ್ಬಳಿಗೇ ಮೂರು ಕೈ, ಜೊತೆಗೆ ಕ್ಯಾಮೆರಾ ಕೂಡ ನನ್ನದೇ. ಶಿಷ್ಯ ಇಲ್ಲದಿದ್ದರೂ ಆಪರೇಷನ್ ನಡೆಯುತ್ತದೆ. ಇದ್ದರೆ ಸ್ವಲ್ಪ ತಡವಾಗುತ್ತದೆ. ಹಾಗಿದ್ದಾಗ ಅವನ ಕೈಗೆ ಕೊಡುವುದು ಪೂರ್ತಿ ನನ್ನ ಮರ್ಜಿ. ಮ್ಯಾಟ್ ಬೀನ್ ಎಂಬ ಸಂಶೋಧಕ ಅಮೆರಿಕದ ಆಸ್ಪತ್ರೆಗಳಲ್ಲಿ ಸರ್ಜನ್‌ಗಳ ಹಿಂದೆ ಸುತ್ತಿ, ಇದನ್ನೇ ಗಮನಿಸಿ 2019ರಲ್ಲಿ ಬರೆದಿದ್ದರು. ಕಲಿಯುವವರಿಗೆ ಕನ್ಸೋಲ್ ಸಿಗುವುದು ತೀರಾ ಕಡಿಮೆ. ನಿಜವಾಗಿ ಕಲಿತ ಕೆಲವರು ಸಿಮ್ಯುಲೇಟರ್ ಎಂಬ ಅಭ್ಯಾಸದ ಯಂತ್ರದ ಮುಂದೆ, ವಿಡಿಯೋ ಮುಂದೆ ಗಂಟೆಗಟ್ಟಲೆ ಕೂತು, ಅಡ್ಡದಾರಿಗಳಲ್ಲಿ ಕಲಿತಿದ್ದರು. ನಾನು ಅದನ್ನು ಓದಿದ್ದು ಡೈರಿ ನೋಡಿದ ಮೇಲೆ. ನಮ್ಮ ಓ.ಟಿ.ಯ ಕಥೆಯನ್ನೇ ಯಾರೋ ಬರೆದ ಹಾಗಿತ್ತು.

ನಮ್ಮಲ್ಲಿ ಎರಡು ಕನ್ಸೋಲ್ ಇವೆ. ಡ್ರೈವಿಂಗ್ ಸ್ಕೂಲಿನ ಕಾರಿನಲ್ಲಿ ಪಕ್ಕದವರಿಗೂ ಬ್ರೇಕ್ ಇರುತ್ತದಲ್ಲ, ಹಾಗೆ. ಇಬ್ಬರೂ ಒಂದೇ ದೃಶ್ಯ ನೋಡುತ್ತೇವೆ. ಮುಂಗೈ ಒರಗಿಸುವ ಜಾಗದಲ್ಲೊಂದು ಚಿಕ್ಕ ಟಚ್‌ಸ್ಕ್ರೀನ್ ಇದೆ. ಅದನ್ನು ಮುಟ್ಟಿದರೆ ಉಪಕರಣಗಳು ಅವನ ಕೈಯಿಂದ ನನ್ನ ಕೈಗೆ ಬರುತ್ತವೆ. ಆ ಡೈರಿ ನೋಡಿದ ಮೇಲೆ ನಾನು ಹಳೆಯ ವಿಡಿಯೋಗಳನ್ನು ಹಾಕಿಕೊಂಡು ನೋಡಿದೆ. ಅವನು ಏನೂ ತಪ್ಪು ಮಾಡಿರುತ್ತಿರಲಿಲ್ಲ. ಸುಮ್ನೆ ನಿಧಾನ ಮಾಡುತ್ತಿದ್ದ. ಯೋಚಿಸುತ್ತಿದ್ದ. ಅಷ್ಟರಲ್ಲಿ ನನ್ನ ಬೆರಳು ಅಲ್ಲಿಗೆ ಹೋಗಿಬಿಡುತ್ತಿತ್ತು. ಕೈ ತುರಿಕೆ ಅಂತಾರಲ್ಲ, ಅದೇ.

ಆಮೇಲೆ ಒಂದು ನಿಯಮ ಮಾಡಿಕೊಂಡೆ. ಅವನು ಕೆಲಸ ಮಾಡುವಾಗ ನನ್ನ ಕೈ ನನ್ನ ಕಂಕುಳಲ್ಲಿ. ನಿಜವಾಗಿ ಕೈ ಕಟ್ಟಿಕೊಂಡು ಕೂರುತ್ತೇನೆ. ಸಿಸ್ಟರ್‌ಗಳು ನಕ್ಕರು. ನಗಲಿ.

ಕೈ ಕಟ್ಟಿದ ಮೇಲೆ ಇನ್ನೊಂದು ಸತ್ಯ ಹೊರಬಿತ್ತು. ನನಗೆ ಮಾತಿನಲ್ಲಿ ಹೇಳಲು ಬರುತ್ತಿರಲಿಲ್ಲ. "ಆ ಕಡೆ... ಅಲ್ಲ, ಆ ಕಡೆ ಅಲ್ಲ... ಸ್ವಲ್ಪ ಎತ್ತು, ಹಾಗಲ್ಲ!" ಇದು ನನ್ನ ಪಾಠದ ಮಟ್ಟ. ಎರಡು ಬೆರಳಿನಲ್ಲಿ ಗುರುಗಳು ಹೇಳುತ್ತಿದ್ದುದನ್ನು ನಾನು ಎರಡು ವಾಕ್ಯದಲ್ಲಿ ಹೇಳಲಾರದೆ ಹೋದೆ. ಈಗ ನಮ್ಮಲ್ಲಿ ಪದಗಳನ್ನು ಗೊತ್ತುಮಾಡಿಕೊಂಡಿದ್ದೇವೆ. ಉಪಕರಣಗಳಿಗೆ ಒಂದನೇ ಕೈ, ಎರಡನೇ ಕೈ, ಮೂರನೇ ಕೈ. ದಿಕ್ಕಿಗೆ ರೋಗಿಯ ತಲೆ ಕಡೆ, ಕಾಲು ಕಡೆ, ಬೆನ್ನು ಕಡೆ, ಎದೆ ಕಡೆ. "ನಿಲ್ಲಿಸು" ಅಂದರೆ ಇದ್ದಲ್ಲೇ ನಿಲ್ಲಿಸು, ಹಿಂದಕ್ಕೆ ಎಳೆಯಬೇಡ. ಇದು ಬಹಳ ಮುಖ್ಯ. ಹೆದರಿದ ಕೈ ಹಿಂದಕ್ಕೇ ಎಳೆಯುತ್ತದೆ, ರಕ್ತನಾಳ ಹರಿಯುವುದೂ ಆಗಲೇ. ಇನ್ನೂ ಒಂದು ಹೇಳಿಕೊಡುತ್ತೇನೆ. ನಮ್ಮ ಯಂತ್ರದಲ್ಲಿ ಮುಖವನ್ನು ಕನ್ಸೋಲ್‌ನಿಂದ ಹೊರಗೆ ತೆಗೆದರೆ ಉಪಕರಣಗಳು ನಿಂತಲ್ಲೇ ಬೀಗ ಹಾಕಿದಂತೆ ನಿಂತುಬಿಡುತ್ತವೆ. ಗಾಬರಿಯಾಯಿತಾ? ತಲೆ ಹೊರಗೆ ತೆಗಿ. ಉಸಿರು ಬಿಡು. ಆಮೇಲೆ ಮತ್ತೆ ಒಳಗೆ ಬಾ.

ಕನ್ಸೋಲ್‌ಗೆ ಬರುವ ಮೊದಲು ಎರಡು ಮೆಟ್ಟಿಲು ಇವೆ. ಒಂದು ಸಿಮ್ಯುಲೇಟರ್. ಇದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಬಳೆಯಂಥ ಉಂಗುರಗಳನ್ನು ತಂತಿಯ ಮೇಲೆ ಸಾಗಿಸುವುದು, ಗೂಟಕ್ಕೆ ಹಾಕುವುದು, ಸ್ಪಂಜಿನ ತುಂಡಿಗೆ ಹೊಲಿಗೆ ಹಾಕುವುದು. ಪೆಡಲ್, ಕ್ಯಾಮೆರಾ, ಕ್ಲಚ್ ರೂಢಿಯಾಗಲು ಒಳ್ಳೆಯದು. ಕ್ಲಚ್ ಅಂದರೆ, ಕಂಪ್ಯೂಟರ್ ಮೌಸ್ ಮೇಜಿನ ಅಂಚಿಗೆ ಬಂದಾಗ ಎತ್ತಿ ನಡುವೆ ಇಡುತ್ತೇವಲ್ಲ, ಅದೇ. ಹೊಸಬರು ಅದನ್ನು ಒತ್ತುವುದೇ ಇಲ್ಲ. ಮೊಣಕೈ ಅಗಲಿಸಿಕೊಂಡು ಹಾರಲು ಹೊರಟ ಹಕ್ಕಿಯ ಹಾಗೆ ಕೂತಿರುತ್ತಾರೆ. ವಿಡಿಯೋ ಗೇಮ್ ಆಡಿ ಬೆಳೆದ ಮಕ್ಕಳು ಎರಡೇ ವಾರದಲ್ಲಿ ನನ್ನ ಅಂಕ ದಾಟುತ್ತಾರೆ. ಒಬ್ಬ ಹುಡುಗ ಪ್ರತಿ ಆಟದಲ್ಲೂ ತೊಂಬತ್ತರ ಮೇಲೆ. ನಿಜವಾದ ಎದೆಯೊಳಗೆ ಕೂರಿಸಿದರೆ, ಯಾವ ಪದರದಲ್ಲಿ ಬಿಡಿಸಬೇಕು ಅಂತ ತಿಳಿಯದೆ ಕೊಬ್ಬಿನಲ್ಲಿ ಸುತ್ತಾಡುತ್ತಿದ್ದ. ಸಿಮ್ಯುಲೇಟರ್‌ನಲ್ಲಿ ಉಂಗುರ ಎಲ್ಲಿದೆ ಅಂತ ಯಂತ್ರವೇ ತೋರಿಸುತ್ತದೆ. ರಕ್ತನಾಳ ಎಲ್ಲಿದೆ ಅಂತ ಯಾರು ತೋರಿಸುತ್ತಾರೆ?

ಎರಡನೆಯ ಮೆಟ್ಟಿಲು ರೋಗಿಯ ಪಕ್ಕ ನಿಲ್ಲುವುದು. ತೋಳುಗಳನ್ನು ಜೋಡಿಸುವುದು, ಉಪಕರಣ ಬದಲಾಯಿಸುವುದು, ರಕ್ತ ಹೀರುವುದು, ಕತ್ತರಿಸಿದ ತುಂಡನ್ನು ಚೀಲದಲ್ಲಿ ಹಿಡಿಯುವುದು. ಮಕ್ಕಳಿಗೆ ಇದು ಇಷ್ಟವಿಲ್ಲ. "ಎಷ್ಟು ದಿನ ಮೇಡಂ, ಬರೀ ಬದಲಾಯಿಸೋದು?" ಅಂತ ಕೇಳುತ್ತಾರೆ. ನಾನು ಪಟ್ಟು ಬಿಡುವುದಿಲ್ಲ. ಕನ್ಸೋಲ್‌ನಲ್ಲಿ ಕೂತವರಿಗೆ ಹೊರಗಿನದು ಏನೂ ಕಾಣುವುದಿಲ್ಲ. ಎರಡು ತೋಳು ಹೊರಗೆ ಡಿಕ್ಕಿ ಹೊಡೆಯುತ್ತಿದ್ದರೆ ಒಳಗೆ ಕೈ ಯಾಕೆ ಸಾಗುತ್ತಿಲ್ಲ ಅಂತ ಪರದಾಡುತ್ತಾರೆ. ಮೊದಲ ತೂತು ಎಲ್ಲಿ ಹಾಕಿದೆ ಅನ್ನುವುದರ ಮೇಲೆ ಮುಂದಿನ ಮೂರು ಗಂಟೆ ನಿಂತಿರುತ್ತದೆ. ಪಕ್ಕದಲ್ಲಿ ನಿಂತು ಬೆವರಿದವರಿಗೆ ಮಾತ್ರ ಅದು ಮೈಗೆ ಹತ್ತುತ್ತದೆ. ರಕ್ತ ಚಿಮ್ಮಿದಾಗ ರೋಗಿಯ ಹತ್ತಿರ ಇರುವುದೂ ಅವರೇ, ನಾನಲ್ಲ. ನಾನು ಗೌನು, ಗ್ಲೌಸ್ ಯಾವುದೂ ಇಲ್ಲದೆ ಮೂಲೆಯಲ್ಲಿ ಸಾಕ್ಸ್ ಹಾಕಿಕೊಂಡು ಕೂತಿರುತ್ತೇನೆ.

ಸ್ಪರ್ಶದ ವಿಷಯ ಹೇಳಲೇಬೇಕು. ನಾನು ಬಳಸುತ್ತಾ ಬಂದ ಯಂತ್ರದಲ್ಲಿ ಮುಟ್ಟಿದ್ದು ಗೊತ್ತಾಗುವುದಿಲ್ಲ. ಶ್ವಾಸಕೋಶವನ್ನು ಎಷ್ಟು ಬಿಗಿಯಾಗಿ ಹಿಡಿದಿದ್ದೇನೆ, ನಾಳವನ್ನು ಎಷ್ಟು ಎಳೆಯುತ್ತಿದ್ದೇನೆ, ಕೈಗೆ ಸುದ್ದಿಯೇ ಇಲ್ಲ. 2024ರಲ್ಲಿ ಅನುಮತಿ ಪಡೆದ ಹೊಸ ಮಾದರಿಯಲ್ಲಿ ಎಳೆತದ ಬಲ ಕೈಗೆ ತಿಳಿಯುವ ಉಪಕರಣಗಳು ಬಂದಿವೆ. ನನ್ನ ಶಿಷ್ಯರು ಮಾತ್ರ ಕಣ್ಣಿನಿಂದಲೇ ಮುಟ್ಟುವುದನ್ನು ಕಲಿಯಬೇಕು. ನಾಳದ ಗೋಡೆ ಎಳೆದಾಗ ಬಣ್ಣ ಬಿಳಿಚುತ್ತದೆ. ಅಂಚು ಚೂಪಾಗಿ ಟೆಂಟಿನ ಹಾಗೆ ಎದ್ದು ನಿಲ್ಲುತ್ತದೆ. ಅದರ ಮೇಲಿನ ಸಣ್ಣ ಸಣ್ಣ ರಕ್ತದ ಗೆರೆಗಳು ಖಾಲಿಯಾಗುತ್ತವೆ. ಮೊದಲ ವಾರ ಒಂದು ಆಟ ಆಡಿಸುತ್ತೇನೆ. ತೆಳು ಹೊಲಿಗೆ ದಾರ ಕೊಟ್ಟು, ಗಂಟು ಹಾಕಿ ಹರಿಯುವವರೆಗೂ ಎಳೆ ಅನ್ನುತ್ತೇನೆ. ಬೇಕಂತಲೇ ಹರಿಯಬೇಕು. ಹತ್ತು ಸಲ ಹರಿದ ಮೇಲೆ ಹನ್ನೊಂದನೆಯ ಸಲ, ಹರಿಯುವುದಕ್ಕೆ ಸ್ವಲ್ಪ ಮೊದಲು ನಿಲ್ಲಿಸು ಅನ್ನುತ್ತೇನೆ. ಕಣ್ಣು ಆಗ ಕಲಿತಿರುತ್ತದೆ.

ಶ್ವಾಸಕೋಶವನ್ನು ಉಪಕರಣದಿಂದ ಹಿಡಿಯಲೇಬೇಡಿ ಅಂತಲೂ ಹೇಳುತ್ತೇನೆ. ಬೀಡಿಯ ಹಾಗೆ ಸುತ್ತಿದ ಬಟ್ಟೆಯ ಸುರುಳಿಯೊಂದನ್ನು ಒಳಗೆ ಬಿಟ್ಟಿರುತ್ತೇವೆ. ಅದನ್ನು ಹಿಡಿದು ಅದರಿಂದ ತಳ್ಳಬೇಕು. ಆ ಸುರುಳಿಗೆ ಇನ್ನೊಂದು ದೊಡ್ಡ ಕೆಲಸ ಇದೆ. ಅದಕ್ಕೆ ಬರುತ್ತೇನೆ.

ಡೈರಿಯ ಪ್ರಸಂಗದ ನಂತರ ನಾನು ಮಾಡಿದ ದೊಡ್ಡ ಬದಲಾವಣೆ ಅಂದರೆ, ಆಪರೇಷನ್ನನ್ನು ಚೂರು ಚೂರಾಗಿ ಕತ್ತರಿಸಿ ಹಂಚಿದ್ದು. ನಮ್ಮ ಬಲ ಶ್ವಾಸಕೋಶಕ್ಕೆ ಮೂರು ಹಾಳೆ, ಎಡಕ್ಕೆ ಎರಡು. ಅದರಲ್ಲಿ ಒಂದು ಹಾಳೆ ತೆಗೆಯುವುದು ಲೋಬೆಕ್ಟಮಿ. ಹೊರಗಿನಿಂದ ನೋಡಿದರೆ ಒಂದು ಆಪರೇಷನ್. ಒಳಗೆ ಅದು ಹದಿನೈದು ಇಪ್ಪತ್ತು ಬಿಡಿ ಕೆಲಸ. ಕೆಲವು ಸುಲಭ, ಕೆಲವು ಜೀವ ಕೈಯಲ್ಲಿ ಹಿಡಿದು ಮಾಡುವಂಥವು. ಹೊಸಬರಿಗೆ ಮೊದಲು ಶ್ವಾಸಕೋಶದ ಬುಡದ ತೆಳು ಪೊರೆ ಬಿಡಿಸಲು ಕೊಡುತ್ತೇನೆ. ಆಮೇಲೆ ಕ್ಯಾನ್ಸರ್ ಹರಡಿದೆಯಾ ಅಂತ ತಿಳಿಯಲು ತೆಗೆಯುವ ದುಗ್ಧ ಗ್ರಂಥಿಗಳನ್ನು. ಉಸಿರುನಾಳ ಎರಡಾಗಿ ಸೀಳುವ ಜಾಗದ ಕೆಳಗಿನ ಗ್ರಂಥಿ ಕಲಿಯುವವರಿಗೆ ಹೇಳಿಮಾಡಿಸಿದ್ದು. ಆಳ ಇದೆ, ಅಂಚು ಸ್ಪಷ್ಟ ಇದೆ, ಸುತ್ತ ಯಾವುದು ಇದೆ ಅಂತ ಗೊತ್ತಿರಲೇಬೇಕು. ಅದು ಚೆನ್ನಾಗಿ ಬಂದರೆ ಅಭಿಧಮನಿ, ಅಂದರೆ ಶ್ವಾಸಕೋಶದಿಂದ ಹೃದಯಕ್ಕೆ ರಕ್ತ ಒಯ್ಯುವ ನಾಳ. ಕೊನೆಗೆ ಆರ್ಟರಿಯ ಕೊಂಬೆಗಳು.

ಪ್ರತಿ ತುಂಡಿಗೂ ಸಮಯ ಇಟ್ಟಿದ್ದೇನೆ. ಹಿಂದಿನ ದಿನವೇ ಹೇಳುತ್ತೇನೆ, "ನಾಳೆ ಈ ಕೆಲಸ ನಿನ್ನದು, ಹದಿನೈದು ನಿಮಿಷ." ಆ ಹದಿನೈದು ನಿಮಿಷ ಅಪಾಯ ಬಂದರೆ ಬಿಟ್ಟು ನಾನು ಟಚ್‌ಸ್ಕ್ರೀನ್ ಮುಟ್ಟುವುದಿಲ್ಲ. ನಿಮಿಷ ಮುಗಿದರೆ ಅರ್ಧದಲ್ಲಿದ್ದರೂ ವಾಪಸ್ ತೆಗೆದುಕೊಳ್ಳುತ್ತೇನೆ. ಬೈಯುವುದಿಲ್ಲ. ಒಂದೇ ಶ್ವಾಸಕೋಶದಲ್ಲಿ ಉಸಿರಾಡುತ್ತಾ ಮಲಗಿದವರು ಅಲ್ಲಿದ್ದಾರೆ. ನಮ್ಮ ಪಾಠಕ್ಕೆ ಅವರು ಎಷ್ಟು ಹೊತ್ತು ಮಲಗಬೇಕು ಅನ್ನುವುದಕ್ಕೆ ಮಿತಿ ಬೇಕಲ್ಲವೇ? ರೋಗಿಗೂ ಮೊದಲೇ ಹೇಳಿರುತ್ತೇನೆ, ಕಲಿಯುವ ಡಾಕ್ಟರು ಇರುತ್ತಾರೆ, ಕೆಲವು ಭಾಗ ಅವರು ಮಾಡುತ್ತಾರೆ, ನಾನು ಪಕ್ಕದಲ್ಲೇ ಇರುತ್ತೇನೆ, ಹೊಣೆ ನನ್ನದು ಅಂತ. ಬೇಡ ಅಂದವರೂ ಇದ್ದಾರೆ. ಅಂದು ಹುಡುಗರು ನೋಡುತ್ತಾರೆ ಅಷ್ಟೇ.

ಕಲಿಯುವವರ ಕೈಚಳಕ ಅಳೆಯುವುದಕ್ಕೆ ಗೇರ್ಸ್ ಅಂತ ಒಂದು ಪಟ್ಟಿ ಇದೆ, 2012ರಿಂದ ಬಳಕೆಯಲ್ಲಿದೆ. ಆಳದ ಅಂದಾಜು, ಎರಡು ಕೈಯ ಹೊಂದಾಣಿಕೆ, ಚುರುಕು, ಬಲದ ಎಚ್ಚರ, ಸ್ವಂತ ನಿರ್ಧಾರ, ಯಂತ್ರದ ಹಿಡಿತ. ಆರಕ್ಕೂ ಐದರಲ್ಲಿ ಅಂಕ. ನಾನೂ ತುಂಬುತ್ತೇನೆ. ಆದರೆ ನನಗೆ ಹೆಚ್ಚು ಹೇಳುವುದು ಬೇರೆಯದು. ಉಪಕರಣ ಕ್ಯಾಮೆರಾದ ಕಣ್ಣಿನಿಂದ ಆಚೆ ಹೋದಾಗ ಹುಡುಗ ಏನು ಮಾಡುತ್ತಾನೆ? ಕೈ ನಿಲ್ಲಿಸಿ, ಕ್ಯಾಮೆರಾ ತಿರುಗಿಸಿ ಹುಡುಕಿದರೆ ಇವನನ್ನು ನಂಬಬಹುದು. ಕಾಣದ ಉಪಕರಣವನ್ನು ಅಂದಾಜಿನಲ್ಲಿ ಅಲುಗಿಸಿದರೆ ಅಂದಿನ ಪಾಠ ಅಲ್ಲಿಗೆ ಮುಗಿಯಿತು.

ಈಗ ಬಟ್ಟೆಯ ಸುರುಳಿಗೆ ಬರುತ್ತೇನೆ.

ಅದೇ ಡೈರಿಯ ಹುಡುಗ. ಬಲ ಶ್ವಾಸಕೋಶದ ಮೇಲಿನ ಹಾಳೆ ತೆಗೆಯುವ ಆಪರೇಷನ್. ಆರ್ಟರಿಯ ಮೊದಲ ದೊಡ್ಡ ಕೊಂಬೆಯ ಹಿಂದೆ ಉಪಕರಣ ತೂರಿಸುತ್ತಿದ್ದ. ಚೆನ್ನಾಗಿಯೇ ಮಾಡುತ್ತಿದ್ದ. ಆ ಕೊಂಬೆಗೆ ಒಂದು ಹಳೆಯ ಗ್ರಂಥಿ ಅಂಟಿಕೊಂಡಿತ್ತು. ಕ್ಷಣದಲ್ಲಿ ಇಡೀ ಪರದೆ ಕೆಂಪು.

ನನ್ನ ಎದೆ ಝಲ್ ಎಂದಿತು. ಕೈ ಕಂಕುಳಿಂದ ಹೊರಗೆ ಬಂದಿತ್ತು. ಬೆರಳು ಸ್ಕ್ರೀನ್ ಮೇಲಿತ್ತು. ಆದರೆ ಅಷ್ಟರಲ್ಲೇ ಅವನ ಮೂರನೇ ಕೈ ಸುರುಳಿಯನ್ನು ತಂದು ಆ ಜಾಗದ ಮೇಲೆ ಒತ್ತಿಬಿಟ್ಟಿತ್ತು. ಕೆಂಪು ನಿಂತಿತು. ಈಗ ನಾನು ನಿಯಂತ್ರಣ ಕಿತ್ತುಕೊಂಡರೆ ಆ ಒತ್ತಡ ಒಂದು ಕ್ಷಣ ಸಡಿಲವಾಗಬಹುದು. ಬೆರಳು ಹಿಂದೆ ತೆಗೆದೆ.

"ಅಲುಗಾಡಿಸಬೇಡ. ಗಡಿಯಾರ ನೋಡು," ಎಂದೆ. ನನ್ನ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು.

ಇಲ್ಲಿ ಒಂದು ವಿಷಯ ಹೇಳಬೇಕು. ತೋಳಿನಲ್ಲಿ ಅಳೆಯುವ ರಕ್ತದೊತ್ತಡ 120 ಅಂತ ಇಟ್ಟುಕೊಂಡರೆ ಪಲ್ಮನರಿ ಆರ್ಟರಿಯಲ್ಲಿ ಅದು ಸಾಮಾನ್ಯವಾಗಿ 25ರ ಆಸುಪಾಸು. ಗೋಡೆ ಒದ್ದೆ ಕಾಗದದ ಹಾಗೆ ಹರಿಯುತ್ತದೆ ನಿಜ, ಆದರೆ ಒಳಗಿನ ಒತ್ತಡ ಕಡಿಮೆ. ಒತ್ತಿ ಹಿಡಿದರೆ ಬಹಳ ಸಲ ಮಣಿಯುತ್ತದೆ. ಜೀವಕ್ಕೆ ಮುಳುವಾಗುವುದು ಹೆಚ್ಚಾಗಿ ಮೊದಲ ಸಣ್ಣ ತೂತಲ್ಲ. ಗಾಬರಿಯಲ್ಲಿ ಅದನ್ನು ಹಿಡಿಯಲು ಹೋಗಿ ದೊಡ್ಡದು ಮಾಡಿಕೊಳ್ಳುತ್ತೇವಲ್ಲ, ಅದು. ಇದನ್ನು ನಾನು ನೂರು ಸಲ ಪಾಠದಲ್ಲಿ ಹೇಳಿದ್ದೆ. ಆ ದಿನ ಹುಡುಗ ನನಗೆ ಮಾಡಿ ತೋರಿಸುತ್ತಿದ್ದ.

ಐದು ನಿಮಿಷ. ಓ.ಟಿ.ಯಲ್ಲಿ ಐದು ನಿಮಿಷ ಎಷ್ಟು ಉದ್ದ ಅಂತ ಕೂತವರಿಗೇ ಗೊತ್ತು. ಅಷ್ಟರಲ್ಲಿ ಅರಿವಳಿಕೆ ಡಾಕ್ಟರ್ ರಕ್ತಕ್ಕೆ ಹೇಳಿದರು. ಸಿಸ್ಟರ್ ಎದೆ ತೆರೆಯುವ ಟ್ರೇ ಬಿಚ್ಚಿದರು. ನಾನು ಗೌನು ಹಾಕಿಕೊಂಡು ರೋಗಿಯ ಪಕ್ಕ ನಿಂತೆ. ಇದನ್ನು ನಾವು ಗೊಂಬೆ ಇಟ್ಟುಕೊಂಡು ಆಗಾಗ ಅಭ್ಯಾಸ ಮಾಡುತ್ತೇವೆ. ಒತ್ತಿ ಹಿಡಿದ ತೋಳು ಮತ್ತು ಕ್ಯಾಮೆರಾ ಹಾಗೇ ಇರಬೇಕು, ಬೇರೆ ತೋಳುಗಳನ್ನು ಬಿಚ್ಚಿ ಜಾಗ ಮಾಡಬೇಕು, ಯಾರು ಏನು ಮಾಡಬೇಕು ಅಂತ ಮೊದಲೇ ಗೊತ್ತಿರಬೇಕು. ಮೊದಲ ಸಲ ಅಭ್ಯಾಸ ಮಾಡಿದಾಗ ಎಲ್ಲರೂ ಒಬ್ಬರ ಕಾಲು ಒಬ್ಬರು ತುಳಿದಿದ್ದೆವು.

ಐದು ನಿಮಿಷದ ಮೇಲೆ ಸುರುಳಿ ನಿಧಾನವಾಗಿ ಎತ್ತಿಸಿದೆ. ಸಣ್ಣಗೆ ಜಿನುಗುತ್ತಿತ್ತು, ಅಷ್ಟೇ. ಮತ್ತೆ ಒತ್ತಿಸಿದೆ. ಗೌನು ಬಿಚ್ಚಿ ಬಂದು ಕನ್ಸೋಲ್‌ನಲ್ಲಿ ಕೂತು, ಅವನ ಒತ್ತಡ ಅಲುಗದಂತೆ ಉಳಿದೆರಡು ಕೈ ಮಾತ್ರ ತೆಗೆದುಕೊಂಡು ಒಂದು ಹೊಲಿಗೆ ಹಾಕಿದೆ. ಎದೆ ತೆರೆಯುವ ಅಗತ್ಯ ಬರಲಿಲ್ಲ. ಆರ್ಟರಿಯ ಉಳಿದ ಕೊಂಬೆಗಳನ್ನು ನಾನೇ ಕತ್ತರಿಸಿದೆ. ಶ್ವಾಸನಾಳದ ಕವಲಿಗೆ ಬಂದಾಗ ಮತ್ತೆ ಅವನಿಗೆ ಕೊಟ್ಟೆ. ಸ್ಟೇಪ್ಲರ್ ಕಚ್ಚಿ ಹಿಡಿದು, ಕತ್ತರಿಸುವ ಮೊದಲು ಶ್ವಾಸಕೋಶ ಊದಿಸಿ ನೋಡಬೇಕು. ಉಳಿಯಬೇಕಾದ ಹಾಳೆಗಳು ಉಬ್ಬಿದರೆ ಸರಿಯಾದ ಕವಲನ್ನೇ ಹಿಡಿದಿದ್ದೇವೆ ಅಂತ. ಅವನು ಅರಿವಳಿಕೆ ಡಾಕ್ಟರನ್ನು ಕೇಳಿದ, "ಊದಿಸಿ ಸರ್." ಧ್ವನಿ ನಡುಗುತ್ತಿತ್ತು. ಕೈ ಗಟ್ಟಿಯಾಗಿತ್ತು, ಅಥವಾ ನಡುಕವನ್ನು ಯಂತ್ರ ನುಂಗಿಕೊಂಡಿತ್ತು.

ಮಾರನೆಯ ದಿನ ರೋಗಿಗೂ ಅವರ ಮನೆಯವರಿಗೂ ನಡೆದದ್ದನ್ನು ಹೇಳಿದೆ. ಹುಡುಗನನ್ನೂ ಜೊತೆಗೆ ನಿಲ್ಲಿಸಿಕೊಂಡಿದ್ದೆ. ಅದೂ ಕಲಿಯಬೇಕಾದದ್ದೇ.

ನನ್ನನ್ನು ಈಗಲೂ ಕೊರೆಯುವ ಚಿಂತೆ ಒಂದಿದೆ. ಈ ಮಕ್ಕಳು ಎದೆ ತೆರೆಯುವುದನ್ನೇ ಸರಿಯಾಗಿ ನೋಡಿಲ್ಲ. ನಮ್ಮ ಕಾಲದಲ್ಲಿ ಅದು ದಿನದ ಕೆಲಸ. ಇವರಿಗೆ ಅದು ಬರುವುದು ವರ್ಷದ ಅತಿ ಕೆಟ್ಟ ದಿನದಲ್ಲಿ, ರಕ್ತ ಹರಿಯುತ್ತಿರುವಾಗ, ಎಲ್ಲರೂ ಕಿರುಚುತ್ತಿರುವಾಗ. ಅಂದರೆ ಅತಿ ಕಡಿಮೆ ಅಭ್ಯಾಸ ಇರುವುದನ್ನು ಅತಿ ಕಷ್ಟದ ಹೊತ್ತಿನಲ್ಲಿ ಮಾಡಬೇಕು. ಅದಕ್ಕೇ ತೆರೆದು ಮಾಡಬೇಕಾದ ದೊಡ್ಡ ಗೆಡ್ಡೆ, ಕೀವು ತುಂಬಿದ ಎದೆ ಇಂಥವು ಬಂದಾಗ ನಾನು ಎದುರು ನಿಂತು ಅವರ ಕೈಗೇ ಚಾಕು ಕೊಡುತ್ತೇನೆ. ಅಲ್ಲಿ ನನ್ನ ಎರಡು ಬೆರಳಿಗೂ ಕೆಲಸ ಸಿಗುತ್ತದೆ. ಅವರ ತೋರುಬೆರಳನ್ನು ಹಿಡಿದುಕೊಂಡು ಹೋಗಿ ಆರ್ಟರಿಯ ಮೇಲೆ ಇಡುತ್ತೇನೆ.

ಆಗೆಲ್ಲ ಎವಾರ್ಟ್ಸ್ ಗ್ರಹಾಂ ಅವರ ಕಥೆ ಹೇಳುವುದು ನನಗೊಂದು ಚಟ. 1933ರಲ್ಲಿ ಅಮೆರಿಕದ ಸೇಂಟ್ ಲೂಯಿಸ್‌ನಲ್ಲಿ ಕ್ಯಾನ್ಸರ್ ಇದ್ದ ಇಡೀ ಶ್ವಾಸಕೋಶವನ್ನು ಒಂದೇ ಸಲಕ್ಕೆ ತೆಗೆದು ರೋಗಿಯನ್ನು ಉಳಿಸಿದವರು ಅವರು. ರೋಗಿಯೂ ಡಾಕ್ಟರೇ, ಗಿಲ್ಮೋರ್ ಅಂತ. ಗ್ರಹಾಂ ಆ ದಿನ ಶ್ವಾಸಕೋಶದ ಬುಡದಲ್ಲಿದ್ದ ನಾಳಗಳನ್ನೆಲ್ಲ ಒಟ್ಟಿಗೆ ಸೇರಿಸಿ ಕಟ್ಟಿಬಿಟ್ಟಿದ್ದರು, ಮೂಟೆಯ ಬಾಯಿ ಕಟ್ಟುವ ಹಾಗೆ. ಗ್ರಹಾಂ 1957ರಲ್ಲಿ ತೀರಿಕೊಂಡರು, ಶ್ವಾಸಕೋಶದ ಕ್ಯಾನ್ಸರ್‌ನಿಂದಲೇ. ರೋಗಿ ಅವರಿಗಿಂತ ಹೆಚ್ಚು ಕಾಲ ಬದುಕಿದ.

ಮೂಟೆ ಕಟ್ಟಿದಲ್ಲಿಂದ ಈಗ ಎಲ್ಲಿಗೆ ಬಂದಿದ್ದೇವೆ ನೋಡಿ. ಹಾಳೆಯನ್ನೂ ಪೂರ್ತಿ ತೆಗೆಯಬೇಡಿ, ಅದರ ಒಂದು ಭಾಗ ತೆಗೆದರೆ ಸಾಕು ಅನ್ನುವ ಕಾಲ ಇದು. 2 ಸೆಂಟಿಮೀಟರ್ ಒಳಗಿನ, ಹೊರ ಅಂಚಿನಲ್ಲಿರುವ ಗೆಡ್ಡೆಗಳಿಗೆ ಹೀಗೆ ಕಡಿಮೆ ತೆಗೆದರೂ ನಡೆಯುತ್ತದೆ ಅಂತ ಜಪಾನಿನ ಅಧ್ಯಯನ 2022ರಲ್ಲಿ, ಅಮೆರಿಕ ಕಡೆಯದು 2023ರಲ್ಲಿ ಹೇಳಿದವು. ರೋಗಿಗೆ ಒಳ್ಳೆಯದು. ಕಲಿಯುವವರಿಗೆ ಕಷ್ಟ ಜಾಸ್ತಿ. ಬಲ ಶ್ವಾಸಕೋಶವೊಂದರಲ್ಲೇ ಇಂಥ 10 ಭಾಗಗಳಿವೆ, ಒಬ್ಬರಲ್ಲಿದ್ದ ಹಾಗೆ ಇನ್ನೊಬ್ಬರಲ್ಲಿ ನಾಳಗಳು ಇರುವುದಿಲ್ಲ. ತೆಗೆಯಬೇಕಾದ ಭಾಗದ ನಾಳ ಕತ್ತರಿಸಿ, ರಕ್ತಕ್ಕೆ ಹಸಿರು ಬಣ್ಣದ ಔಷಧಿ ಹಾಕಿ, ಕ್ಯಾಮೆರಾದ ಬೆಳಕು ಬದಲಾಯಿಸುತ್ತೇವೆ. ಇಡೀ ಶ್ವಾಸಕೋಶ ಹಸಿರಾಗಿ ಹೊಳೆಯುತ್ತದೆ, ಆ ಭಾಗ ಮಾತ್ರ ಕತ್ತಲಾಗಿ ಉಳಿಯುತ್ತದೆ. ಮೊದಲ ಸಲ ನೋಡಿದ ಹುಡುಗರು ಬಾಯಿ ಬಿಟ್ಟುಕೊಂಡು ಕೂರುತ್ತಾರೆ. ನಾನೂ ಕೂತಿದ್ದೆ.

ಡೈರಿಯ ಹುಡುಗ ಈಗ ಬೇರೆ ಕಡೆ ಇದ್ದಾನೆ, ತಾನೇ ಕಲಿಸುತ್ತಾನೆ. ಹೋಗುವಾಗ ಡೈರಿ ನನಗೇ ಬಿಟ್ಟುಹೋದ. ಅದರಲ್ಲಿ ಈಗ ನಾನು ಬರೆಯುತ್ತೇನೆ. ಅದೇ ಎರಡು ಸಾಲು, ಕಲಿಯುವವರ ಹೆಸರಿನ ಎದುರು. ಕಳೆದ ತಿಂಗಳು 27 ಗಂಟೆಯಲ್ಲಿ 9 ಗಂಟೆ ಅವರದು. ಇನ್ನೂ ಕಡಿಮೆಯೇ.

ಈ ವರ್ಷ ಸೇರಿದ ಹುಡುಗಿಗೆ ನಾಳೆ ಮೊದಲ ಸಲ ಅಭಿಧಮನಿ ಕೊಡುತ್ತಿದ್ದೇನೆ. ಮಧ್ಯದ ಹಾಳೆಯಿಂದ ಬರುವ ಕೊಂಬೆಯನ್ನು ಉಳಿಸಬೇಕು, ಅದನ್ನು ಮೊದಲು ಹುಡುಕಿ ತೋರಿಸಬೇಕು, ಆಮೇಲೇ ಮುಂದಿನ ಮಾತು. ಹದಿನೈದು ನಿಮಿಷ ಎಂದೆ. ಇಪ್ಪತ್ತು ಬೇಕು ಮೇಡಂ ಎಂದಳು. ಯಾಕೆ ಅಂತ ಕೇಳಿದೆ. ಸಿ.ಟಿ. ಸ್ಕ್ಯಾನ್ ತೆಗೆದು ತೋರಿಸಿದಳು. ಈ ರೋಗಿಯಲ್ಲಿ ಆ ಕೊಂಬೆ ಎರಡಿವೆ. ನಾನು ಗಮನಿಸಿರಲಿಲ್ಲ.

ಇಪ್ಪತ್ತಕ್ಕೆ ಒಪ್ಪಿಕೊಂಡೆ.